ಅಂಜಿಕೆಯ ಮನೆ ಎಲ್ಲಿದೆ?

ಅಂಜಿಕೆಯು ಸಕಲ ಜೀವಿಗಳಿಗೂ ಸಹಜವಾದುದು. ಆದರೆ ಕಾರಣವಿಲ್ಲದೆ ಎದೆ ನಡುಗಿ, ನಿದ್ರೆ ಬಾರದೆ ಹೊರಳಾಡುವವರನ್ನು ಕಂಡಾಗ 'ಮನಸ್ಸು ಗಟ್ಟಿ ಮಾಡಿಕೋ' ಎಂದು ಹೇಳಿ ಸುಮ್ಮನಾಗುವ ಮನೆಗಳೇ ಹೆಚ್ಚು. ಈ ಮಾತು ಎಷ್ಟರಮಟ್ಟಿಗೆ ಸರಿ? ಮೂಕಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳು ಈ ವಿಷಯದಲ್ಲಿ ನಮ್ಮ ಕಣ್ಣು ತೆರೆಸುವಂತಿವೆ.

ಮೆದುಳನ್ನು ಬೆನ್ನುಹುರಿಗೆ ಬೆಸೆಯುವ ಭಾಗವೇ ಮೆದುಳಕಾಂಡ. ಅಲ್ಲಿ 'ಲೋಕಸ್ ಸೆರೂಲಿಯಸ್' ಎಂಬ ಪುಟ್ಟ ನೆಲೆಯೊಂದುಂಟು. ಲ್ಯಾಟಿನ್ ಭಾಷೆಯಲ್ಲಿ 'ನೀಲಿ ತಾಣ' ಎಂದು ಇದರ ಅರ್ಥ. ಇಲಿಯಲ್ಲಿ ಒಂದೊಂದು ಪಾರ್ಶ್ವಕ್ಕೆ ಸುಮಾರು 1,500 ನರಕೋಶಗಳಷ್ಟೇ ಇಲ್ಲಿರುತ್ತವೆ. ಆದರೂ ಅವುಗಳ ತಂತುಗಳು ಮೆದುಳಿನ ಬಹುಭಾಗಕ್ಕೆ ಹರಡಿ, ನಾರ್‌ಅಡ್ರಿನಾಲಿನ್ ಎಂಬ ರಾಸಾಯನಿಕವನ್ನು ಸ್ರವಿಸಿ, ಎಚ್ಚರಿಕೆಯ ಗಂಟೆ ಬಾರಿಸುತ್ತವೆ.

1970ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಯೂಜೀನ್ ರೆಡ್ಮಂಡ್ ಮತ್ತು ಸಂಗಡಿಗರು ಕೋತಿಗಳಲ್ಲಿ ಈ ತಾಣವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಭಯದ ಚೇಷ್ಟೆಗಳು ಕಂಡುಬಂದವು. ಅದಕ್ಕೆ ಹಾನಿಯಾದಾಗ ಅವು ತಗ್ಗಿದವು. ಹಾಗಾದರೆ ಅಂಜಿಕೆಯ ಮನೆ ಇದೇ ಎಂದು ತೀರ್ಮಾನಿಸಬಹುದಲ್ಲವೆ? ಇಲಿಗಳು ಈ ತೀರ್ಮಾನವನ್ನು ಒಪ್ಪಲಿಲ್ಲ. ಈ ತಾಣದಿಂದ ಮುಂಮೆದುಳಿಗೆ ಹೋಗುವ ತಂತುಗಳನ್ನು ನಾಶಗೊಳಿಸಿದರೂ ಇಲಿಗಳ ಭಯವು ನಿರೀಕ್ಷಿಸಿದಂತೆ ಅಳಿಯಲಿಲ್ಲವೆಂದು 1979ರಲ್ಲಿ ಮೇಸನ್ ಮತ್ತು ಫಿಬಿಗರ್ ಎಂಬ ವಿಜ್ಞಾನಿಗಳು ವಾದಿಸಿದರು.

2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಈ ಒಗಟನ್ನು ಸ್ವಲ್ಪ ಬಿಡಿಸಿತು. ಬೆಳಕಿನ ಮೂಲಕ ಈ ತಾಣವನ್ನು ಕೆರಳಿಸಿದಾಗ ಸುಂಡಿಲಿಗಳು ತೆರೆದ ಜಾಗಕ್ಕೆ ಬರಲು ಹಿಂಜರಿದವು. ಒತ್ತಡದ ಹೊತ್ತಿನಲ್ಲಿ ಅದನ್ನು ಶಾಂತಗೊಳಿಸಿದಾಗ, ಬಳಿಕ ಕಾಣಬೇಕಾಗಿದ್ದ ಆತಂಕವು ಕಾಣಲಿಲ್ಲ.

ಗಂಟೆಯನ್ನೇ ಕಿತ್ತೊಗೆಯುವುದು ಬೇರೆ, ಅದು ಅತಿಯಾಗಿ ಬಾರಿಸದಂತೆ ತಡೆಯುವುದು ಬೇರೆ. ನಮ್ಮನ್ನು ಎಚ್ಚರವಾಗಿಡುವುದೂ ಗಮನವನ್ನು ಒಂದೆಡೆ ನಿಲ್ಲಿಸುವುದೂ ಇದೇ ತಾಣದ ಕೆಲಸ. ಅಂಜಿಕೆಯಾದರೋ ಒಂದೇ ಕೋಣೆಯಲ್ಲಿ ವಾಸಿಸುವುದಿಲ್ಲ. ಮೆದುಳಿನ ಅನೇಕ ಭಾಗಗಳು ಕೂಡಿ ಅದನ್ನು ಹುಟ್ಟಿಸುತ್ತವೆ.

ಇಲಿಯ ಮೆದುಳು ಮನುಷ್ಯನ ಮೆದುಳಲ್ಲ, ನಿಜ. ಆದರೂ ಆತಂಕವು ಹೇಡಿತನವಲ್ಲ, ಸೋಗೂ ಅಲ್ಲ, ಅದಕ್ಕೆ ದೇಹದಲ್ಲಿ ಬೇರುಗಳಿವೆ ಎಂಬುದನ್ನು ಈ ಪ್ರಯೋಗಗಳು ತಿಳಿಸುತ್ತವೆ. ಆದುದರಿಂದ ಮನೆಯಲ್ಲಿ ಯಾರಾದರೂ ಇಂತಹ ಬಾಧೆಯಿಂದ ನರಳುತ್ತಿದ್ದರೆ ಅವರನ್ನು ಜರೆಯದೆ, ಅವರ ಮಾತನ್ನು ತಾಳ್ಮೆಯಿಂದ ಆಲಿಸಿ, ವೈದ್ಯರ ಬಳಿಗೆ ಕರೆದೊಯ್ಯಿರಿ. ಆಪ್ತಸಲಹೆಯಿಂದಲೂ ಔಷಧದಿಂದಲೂ ಗುಣ ಕಂಡವರು ಬಹುಮಂದಿ ಇದ್ದಾರೆ.