ಬಿಯರ್ ತಾನೇ, ಬಿಡು ಗುರು!

"ಬಿಯರ್ ತಾನೇ, ಏನೂ ಆಗಲ್ಲ ಬಿಡು ಗುರು." ಬೆಂಗಳೂರಿನ ಐಟಿ ಟೀಮ್‌ಗಳಲ್ಲಿ ಶುಕ್ರವಾರ ಸಂಜೆ ಈ ಮಾತು ಕೇಳದವರು ಕಡಿಮೆ. ವಿಸ್ಕಿ ಅಂದ್ರೆ ಕುಡಿತ, ಬಿಯರ್ ಅಂದ್ರೆ ಒಂಥರಾ ಜ್ಯೂಸ್ ಅನ್ನೋ ನಂಬಿಕೆ ನಮ್ಮದು. ಅದು ಎಷ್ಟು ಸರಿ ಅಂತ ನನಗೆ ಅರ್ಥವಾಗಿದ್ದು ಬಿಯರ್ ತಯಾರಾಗುವ ಟ್ಯಾಂಕುಗಳ ಪಕ್ಕ ನಿಂತಾಗ.

ನಮ್ಮೂರಲ್ಲಿ ಮೈಕ್ರೋಬ್ರೂವರಿಗಳ ಕಾಲ ಶುರುವಾಗಿದ್ದು 2011ರ ಸುಮಾರಿಗೆ. ವಿಠ್ಠಲ್ ಮಲ್ಯ ರಸ್ತೆಯ 'ದಿ ಬಿಯರ್ ಕ್ಲಬ್' ಮೊದಲಿನವುಗಳಲ್ಲಿ ಒಂದು. ಈಗ ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಎಲ್ಲಿ ಹೋದರೂ ಗಾಜಿನ ಹಿಂದೆ ಹೊಳೆಯುವ ಸ್ಟೀಲ್ ಟ್ಯಾಂಕುಗಳು. ಅಂಥದ್ದೇ ಒಂದು ಕಡೆ ಕಳೆದ ತಿಂಗಳು ನಾವು ನಾಲ್ಕು ಜನ ಸಹೋದ್ಯೋಗಿಗಳು 'ಬ್ರೂವರಿ ಟೂರ್' ಮಾಡಿದೆವು.

ರಾಗಿ ಮಾಲ್ಟ್‌ನ ಅಣ್ಣ

ಬ್ರೂವರ್ ಮೊದಲು ಒಂದು ಹಿಡಿ ಬಾರ್ಲಿ ಕೊಟ್ಟು "ಜಗಿದು ನೋಡಿ ಸರ್" ಅಂದರು. ಕುರುಕುರು, ಸ್ವಲ್ಪ ಸಿಹಿ. ಅಮ್ಮ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹುರಿದು ಮಾಡುವ ರಾಗಿ ಮಾಲ್ಟ್ ಗೊತ್ತಲ್ಲ? ಬಾರ್ಲಿಗೂ ಹೆಚ್ಚುಕಡಿಮೆ ಅದೇ ಉಪಚಾರ. ಆ ಮಾಲ್ಟನ್ನು ಒಡೆದು, ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಅದರೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಸೋಸಿದ ಸಿಹಿ ನೀರಿಗೆ 'ವರ್ಟ್' ಅಂತ ಹೆಸರು. ನಮ್ಮ ಟೀಮಿನಲ್ಲಿ ಕುಡಿಯದ ಒಬ್ಬಳಿದ್ದಾಳೆ, ಅವಳಿಗೆ ಅಂದು ಇಷ್ಟವಾಗಿದ್ದು ಇದೇ. ಇದರಲ್ಲಿ ಇನ್ನೂ ಆಲ್ಕೋಹಾಲ್ ಇರಲ್ಲ.

ಆಮೇಲೆ ಹಾಪ್ಸ್ ಹೂವಿನ ಹಸಿರು ಗುಳಿಗೆ ಹಾಕಿ ಒಂದು ಗಂಟೆ ಕುದಿಸುತ್ತಾರೆ. ಬಿಯರಿನ ಕಹಿ ಬರೋದು ಇದರಿಂದ. ತಣ್ಣಗೆ ಮಾಡಿ ಯೀಸ್ಟ್ ಬೆರೆಸಿದರೆ ಅದು ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಬಿಡುತ್ತದೆ. ಇಡ್ಲಿ ಹಿಟ್ಟು ಉಬ್ಬುವಂತೆ ಮಾಡೋದೂ ಇದೇ ಇಂಗಾಲದ ಡೈಆಕ್ಸೈಡ್. ಏಲ್ ಆದರೆ 20 ಡಿಗ್ರಿ ಆಸುಪಾಸಿನಲ್ಲಿ ಎರಡು ವಾರ ಬೇಕು. ಲಾಗರ್‌ಗೆ ಇನ್ನೂ ತಣ್ಣನೆಯ ಟ್ಯಾಂಕು, ಇನ್ನೂ ಹೆಚ್ಚು ವಾರಗಳು.

ನನ್ನ ಕಿವಿ ನೆಟ್ಟಗಾಗಿದ್ದು ಹೈಡ್ರೋಮೀಟರ್ ನೋಡಿದಾಗ. ಯೀಸ್ಟ್ ಹಾಕುವ ಮೊದಲು ದ್ರವದ ಸಾಂದ್ರತೆ 1.048, ಹುದುಗು ಮುಗಿದ ಮೇಲೆ 1.010. ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಸುಮಾರು 5. ಅದೇ ಆ ಬಿಯರಿನ ಆಲ್ಕೋಹಾಲ್ ಶೇಕಡಾವಾರು. ಅಂದರೆ ಮೊದಲು ಸಕ್ಕರೆ ಜಾಸ್ತಿ ಇದ್ದರೆ ಕೊನೆಗೆ ಆಲ್ಕೋಹಾಲೂ ಜಾಸ್ತಿ.

ಐದು ಪುಟ್ಟ ಗ್ಲಾಸು

ಟೂರ್ ಮುಗಿದ ಮೇಲೆ ಸ್ಯಾಂಪ್ಲರ್ ಬಂತು. ಹೆಫೆವೈಜನ್‌ಗೆ ಬಾಳೆಹಣ್ಣು, ಲವಂಗದ ಪರಿಮಳ. ಎರಡನ್ನೂ ಯಾರೂ ಹಾಕಿಲ್ಲ, ಅದು ಯೀಸ್ಟಿನದೇ ಕೈಚಳಕ. ವಿಟ್‌ಬಿಯರ್‌ಗೆ ಮಾತ್ರ ನಿಜಕ್ಕೂ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕಿದ್ದರು. ಐಪಿಎ ಕಹಿಯೋ ಕಹಿ. ಸ್ಟೌಟ್ ಕಪ್ಪಗೆ, ಕಾಫಿ ವಾಸನೆ. ಕಾಫಿ ಹಾಕಿಲ್ಲ, ಬಾರ್ಲಿಯನ್ನು ಚೆನ್ನಾಗಿ ಹುರಿದಿದ್ದಾರೆ ಅಷ್ಟೇ. ಐದನೆಯದು ಹೊಂಬಣ್ಣದ್ದು, ಸಿಹಿ, ಗಂಟಲಲ್ಲಿ ಸಲೀಸಾಗಿ ಇಳಿಯಿತು.

"ಇದರಲ್ಲಿ ಯಾವುದು ಸ್ಟ್ರಾಂಗ್?" ಅಂತ ಬ್ರೂವರ್ ಕೇಳಿದಾಗ ನಾವೆಲ್ಲ ಸ್ಟೌಟ್ ತೋರಿಸಿದೆವು. ಅದು ಶೇ. 4.5. ಸಿಹಿ ಇದ್ದದ್ದು ಶೇ. 8! ಬಣ್ಣಕ್ಕೂ ಕಹಿಗೂ ಅಮಲಿಗೂ ಸಂಬಂಧವೇ ಇಲ್ಲ.

ಲೆಕ್ಕ ಹಾಕಿ ನೋಡಿ

ಅಷ್ಟರಲ್ಲಿ ಬೈಕ್‌ನಲ್ಲಿ ಬಂದಿದ್ದ ಗೆಳೆಯ ಆ ಸಿಹಿ ಬಿಯರನ್ನೇ ಒಂದು ಮಗ್ ಹೇಳಲು ಹೊರಟ. ನಾನು ಟಿಶ್ಯೂ ಪೇಪರ್ ಮೇಲೆ ಬರೆದು ತೋರಿಸಿದೆ:

60 ಎಂಎಲ್ ಲಾರ್ಜ್ ವಿಸ್ಕಿ, ಶೇ. 42.8: ಸುಮಾರು 26 ಎಂಎಲ್ ಶುದ್ಧ ಆಲ್ಕೋಹಾಲ್.
500 ಎಂಎಲ್ ಮಗ್, ಶೇ. 5: 25 ಎಂಎಲ್.
500 ಎಂಎಲ್ ಮಗ್, ಶೇ. 8: 40 ಎಂಎಲ್.
ಅಂಗಡಿಯ 650 ಎಂಎಲ್ ಸ್ಟ್ರಾಂಗ್ ಬಾಟಲಿ, ಶೇ. 8: 52 ಎಂಎಲ್.

ಅಂದರೆ ಒಂದು ಸಾದಾ ಮಗ್ ಬಿಯರ್ ಹೆಚ್ಚುಕಡಿಮೆ ಒಂದು ಲಾರ್ಜ್‌ಗೆ ಸಮ. ಸ್ಟ್ರಾಂಗ್ ಬಾಟಲಿ ಎರಡು ಲಾರ್ಜ್! ಮೈ ಇದನ್ನು ಕರಗಿಸೋದು ನಿಧಾನ, ಗಂಟೆಗೆ ಸುಮಾರು 7ರಿಂದ 10 ಗ್ರಾಂ. 40 ಎಂಎಲ್ ಅಂದರೆ 32 ಗ್ರಾಂ, ಮೂರರಿಂದ ನಾಲ್ಕೂವರೆ ಗಂಟೆ ಬೇಕೇ ಬೇಕು. ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಇದನ್ನು ಬೇಗ ಇಳಿಸಲ್ಲ. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡ ಹೋಗಲಿ, ನೈಸ್ ರಸ್ತೆಯಲ್ಲಿ ರಾತ್ರಿ ಬೈಕ್ ಸ್ಕಿಡ್ ಆದರೆ?

ಗೆಳೆಯ ಒಂದು ನಿಮಿಷ ಸುಮ್ಮನಿದ್ದ. "ಇಷ್ಟು ದಿನ ಎರಡು ಮಗ್ ಕುಡಿದು ಕೆಂಗೇರಿವರೆಗೆ ಓಡಿಸ್ತಿದ್ದೆ ಮಾರಾಯ" ಅಂದ. ಅವತ್ತು ಬೈಕ್ ಬೇಸ್‌ಮೆಂಟಲ್ಲೇ ಉಳಿಯಿತು, ಅವನು ಪರ್ಪಲ್ ಲೈನ್ ಹತ್ತಿದ.

ಕುಡಿಯಿರಿ ಅಂತ ನಾನು ಹೇಳ್ತಿಲ್ಲ. ಸುರಕ್ಷಿತ ಪ್ರಮಾಣ ಅನ್ನೋದೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಆದರೂ ಹೋಗುವವರು ಹೋಗೇ ಹೋಗ್ತಾರೆ. ಅಂಥವರು ಮೆನುವಿನಲ್ಲಿ ಬೆಲೆಯ ಪಕ್ಕ ಇರುವ 'ಎಬಿವಿ' ಅಂಕಿ ನೋಡಿ. ಪಿಚರ್ ಬದಲು ಪುಟ್ಟ ಗ್ಲಾಸ್ ಹೇಳಿ. ಮನೆಗೆ ಹೇಗೆ ಹೋಗೋದು ಅನ್ನೋದನ್ನ ಮೊದಲ ಗುಟುಕಿಗೂ ಮುಂಚೆ ತೀರ್ಮಾನ ಮಾಡಿ. ಎರಡು ವಾರ ತಾಳ್ಮೆಯಿಂದ ಮಾಡಿದ್ದನ್ನು ಎರಡು ನಿಮಿಷದಲ್ಲಿ ಸುರಿದುಕೊಂಡರೆ ರುಚಿಯೂ ಗೊತ್ತಾಗಲ್ಲ, ಲೆಕ್ಕವೂ ಸಿಗಲ್ಲ.