ಗಾಳಿಯ ಗಣಿತ ಕಲಿಸುವ ಪದವಿ

ದ್ವಿತೀಯ ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, ಹೊಳಲ್ಕೆರೆ ಕಡೆಯ ಮನೆಗಳಲ್ಲಿ ಏಳುವ ಪ್ರಶ್ನೆಗಳಲ್ಲಿ ಇದೂ ಒಂದು: ‘ಏರೋನಾಟಿಕಲ್ ಸೇರಿಸಿದ್ರೆ ಹುಡುಗ ಪೈಲಟ್ ಆಗ್ತಾನಾ?’ ಆಗುವುದಿಲ್ಲ. ಈ ಒಂದು ಮಾತು ಮೊದಲೇ ತಿಳಿದಿದ್ದರೆ ಎಷ್ಟೋ ಅಪ್ಪಂದಿರ ಸಾಲ, ಎಷ್ಟೋ ಮಕ್ಕಳ ನಿರಾಸೆ ತಪ್ಪುತ್ತದೆ. ವಿಮಾನ ಹಾರಿಸುವುದು ಬೇರೆ, ಹಾರಲು ಯೋಗ್ಯವೆಂದು ಪರೀಕ್ಷಿಸಿ ಸಹಿ ಹಾಕುವುದು ಬೇರೆ, ಹೊಸ ವಿಮಾನ ರೂಪಿಸುವುದೇ ಬೇರೆ.

ಪೈಲಟ್ ಆಗಬೇಕೆಂದರೆ ಬೇಕಾದದ್ದು ಪದವಿಯಲ್ಲ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅಂದರೆ ಡಿಜಿಸಿಎಯ ಲೈಸೆನ್ಸ್. ಪಿಯುಸಿಯಲ್ಲಿ ಭೌತವಿಜ್ಞಾನ, ಗಣಿತ ಓದಿರಬೇಕು, ವೈದ್ಯಕೀಯ ಪರೀಕ್ಷೆ ದಾಟಬೇಕು, 200 ಗಂಟೆ ಹಾರಾಟ ಮುಗಿಸಬೇಕು. ದಿಕ್ಕು-ದಾರಿಯ ಲೆಕ್ಕ, ಹವಾಮಾನ, ವಾಯುಸಂಚಾರದ ಕಾನೂನು, ವಿಮಾನದ ತಾಂತ್ರಿಕ ಜ್ಞಾನ ಇವುಗಳ ಪರೀಕ್ಷೆಯಲ್ಲಿ ನೂರಕ್ಕೆ 70 ಅಂಕ ಬಾರದೆ ಪಾಸಿಲ್ಲ. ಬಿಎಸ್ಸಿ ಏವಿಯೇಷನ್ ಎಂಬ ಮೂರು ವರ್ಷದ ಪದವಿ ಈ ವಿಷಯಗಳನ್ನೇ ಪಾಠ ಮಾಡುತ್ತದೆ, ಆದರೆ ಹಾರಾಟದ ಖರ್ಚು ಸಾಮಾನ್ಯವಾಗಿ ಪ್ರತ್ಯೇಕ. ಬೆಂಗಳೂರಿನ ಜಕ್ಕೂರಿನಲ್ಲಿ 1940ರ ದಶಕದಷ್ಟು ಹಿಂದೆಯೇ ಹುಟ್ಟಿದ ಸರ್ಕಾರಿ ತರಬೇತಿ ಶಾಲೆ ಇರುವುದು ಈ ಹಾರಾಟ ಕಲಿಸಲಿಕ್ಕೇ. ರಿಪೇರಿ, ತಪಾಸಣೆಯ ಎಂಜಿನಿಯರುಗಳಿಗೂ ಡಿಜಿಸಿಎ ಲೈಸೆನ್ಸೇ ಆಧಾರ.

ಇನ್ನುಳಿದದ್ದು ನಾಲ್ಕು ವರ್ಷದ ಏರೋನಾಟಿಕಲ್ ಬಿಇ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿ ಹಲವು ಕಾಲೇಜುಗಳು ಇದನ್ನು ನಡೆಸುತ್ತವೆ. ನಮ್ಮ ಜಿಲ್ಲೆಯ ಮಕ್ಕಳಿಗೆ ತೀರ ಹತ್ತಿರದ ವಿದ್ಯೆ ಇದು ಎಂದು ನನ್ನ ನಂಬಿಕೆ. ಅದರ ಪಾಠಗಳು ನಮ್ಮ ಗುಡ್ಡಗಳ ಮೇಲೆಯೇ ತಿರುಗುತ್ತಿವೆ.

ಚಿತ್ರದುರ್ಗದ ಜೋಗಿಮಟ್ಟಿಯಿಂದ ಹಿಡಿದು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಗುಡ್ಡಸಾಲುಗಳವರೆಗೆ ನಿಂತಿರುವ ಗಾಳಿ ಫ್ಯಾನುಗಳ ರೆಕ್ಕೆಯನ್ನೇ ತೆಗೆದುಕೊಳ್ಳಿ. ಹೆದ್ದಾರಿಯಲ್ಲಿ ಉದ್ದನೆಯ ಟ್ರೈಲರ್ ಮೇಲೆ ಅಂಥದ್ದೊಂದು ರೆಕ್ಕೆ ಹೋಗುವಾಗ ಸರಿಯಾಗಿ ನೋಡಿ. ಬುಡ ದಪ್ಪ, ತುದಿ ತೆಳು. ಬುಡದಿಂದ ತುದಿಗೆ ಬರುತ್ತಾ ರೆಕ್ಕೆ ನಿಧಾನವಾಗಿ ತಿರುಚಿಕೊಂಡಿರುತ್ತದೆ. ತಿರುಗುವಾಗ ತುದಿಯ ವೇಗ ಬುಡದ ವೇಗಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಗಾಳಿ ಬುಡಕ್ಕೆ ಬಂದು ತಾಗುವ ಕೋನವೇ ಬೇರೆ, ತುದಿಗೆ ತಾಗುವ ಕೋನವೇ ಬೇರೆ. ಎಲ್ಲೆಡೆಯೂ ಸರಿಯಾದ ಕೋನ ಸಿಗಲೆಂದೇ ಆ ತಿರುಚು. ವಿಮಾನದ ಪ್ರೊಪೆಲರ್‌ನಲ್ಲಿರುವುದೂ ಇದೇ. ಅಡ್ಡ ಕತ್ತರಿಸಿದರೆ ಕಾಣುವ ಆಕಾರ ವಿಮಾನದ ರೆಕ್ಕೆಯ ಆಕಾರದ ಸಂಬಂಧಿಯೇ, ಅದನ್ನು ತಳ್ಳುವುದೂ ವಿಮಾನವನ್ನು ಮೇಲೆತ್ತುವ ಬಲವೇ.

ಕಾಲೇಜಿನಲ್ಲಿ ಈ ಬಲವನ್ನು ಕಣ್ಣಾರೆ ನೋಡುವ ಜಾಗ ಗಾಳಿ ಸುರಂಗ. ಮೊಳದಷ್ಟಿರುವ ಮಾದರಿ ರೆಕ್ಕೆಯ ಮೈಮೇಲೆ ಸೂಜಿಮೊನೆಯಂಥ ತೂತುಗಳು. ಪ್ರತಿ ತೂತಿನಿಂದ ಒಂದು ನಳಿಕೆ ಹೊರಟು ಬಣ್ಣದ ನೀರು ತುಂಬಿದ ಗಾಜಿನ ಕೊಳವೆಗೆ ಸೇರುತ್ತದೆ. ಫ್ಯಾನ್ ಶುರುವಾಗಿ ರೆಕ್ಕೆಯನ್ನು ಕೊಂಚ ಮೇಲ್ಮುಖವಾಗಿ ತಿರುಗಿಸಿದರೆ ಮೇಲ್ಮೈಗೆ ಸೇರಿದ ಕೊಳವೆಗಳಲ್ಲಿ ನೀರು ಏರುತ್ತದೆ, ಅಂದರೆ ಅಲ್ಲಿ ಒತ್ತಡ ಇಳಿದಿದೆ. ಕೋನ ಹೆಚ್ಚಿಸಿದಷ್ಟೂ ಇನ್ನಷ್ಟು ಏರುತ್ತದೆ. ಸುಮಾರು 15 ಡಿಗ್ರಿಯ ಆಸುಪಾಸಿನಲ್ಲಿ ಥಟ್ಟನೆ ಎಲ್ಲ ಕುಸಿದು, ಮೇಲ್ಮೈಯ ಕೊಳವೆಗಳು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದುಬಿಡುತ್ತವೆ. ಗಾಳಿ ರೆಕ್ಕೆಯ ಮೈ ಬಿಟ್ಟು ಹೋಯಿತು. ಇದಕ್ಕೇ ಸ್ಟಾಲ್ ಎನ್ನುವುದು. ಎರಡು ಸೆಮಿಸ್ಟರ್ ಕಪ್ಪುಹಲಗೆಯ ಮೇಲೆ ಬರೆದ ಸಮೀಕರಣಗಳು ಆ ಒಂದು ಗಳಿಗೆಯಲ್ಲಿ ಮೈಗೆ ಹತ್ತುತ್ತವೆ.

ಹವಾಮಾನದ ಪಾಠಕ್ಕೂ ನಮ್ಮ ಬಯಲುಸೀಮೆ ಒಳ್ಳೆಯ ಉದಾಹರಣೆ. ಚಿತ್ರದುರ್ಗ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಮೇಲಿದೆ. ಲೆಕ್ಕದ ಪುಸ್ತಕದ ಪ್ರಕಾರ ಆ ಎತ್ತರದಲ್ಲಿ ಉಷ್ಣಾಂಶ 10 ಡಿಗ್ರಿ ಚಿಲ್ಲರೆ ಇರಬೇಕು. ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ 38 ಇರುತ್ತದೆ. ಬಿಸಿಗೆ ಗಾಳಿ ತೆಳುವಾಗುತ್ತದೆ. ಲೆಕ್ಕ ಹಾಕಿದರೆ, ಆ ಹೊತ್ತಿನಲ್ಲಿ ಇಲ್ಲಿಂದ ಏರುವ ವಿಮಾನಕ್ಕೆ ತಾನು ಸುಮಾರು 1,750 ಮೀಟರ್ ಎತ್ತರದಲ್ಲಿ, ಅಂದರೆ ಕೊಡಗಿನ ತಡಿಯಂಡಮೋಳ್ ಶಿಖರದ ತುದಿಯಲ್ಲಿ ಇದ್ದಂತೆ ಅನುಭವ. ಎಂಜಿನ್ನಿನ ಬಲ ಕಡಿಮೆ, ರೆಕ್ಕೆಗೆ ಸಿಗುವ ಗಾಳಿಯೂ ಕಡಿಮೆ, ಓಡಬೇಕಾದ ರನ್‌ವೇ ಮಾತ್ರ ಉದ್ದ. ಪೈಲಟ್ ಆಗುವವನೂ ವಿಮಾನ ರೂಪಿಸುವವನೂ ಈ ಲೆಕ್ಕ ಕಲಿಯಲೇಬೇಕು.

ಇಷ್ಟೆಲ್ಲ ಓದಿದವರ ಕೆಲಸ ಹೇಗಿರುತ್ತದೆ ಎಂದು ನೋಡಲು ಪಕ್ಕದ ಚಳ್ಳಕೆರೆ ತಾಲ್ಲೂಕಿಗೆ ಬರಬೇಕು. ಅಲ್ಲಿನ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓದ 4,000 ಎಕರೆಗೂ ಮೀರಿದ ವೈಮಾನಿಕ ಪರೀಕ್ಷಾ ವಲಯವಿದೆ. ಉದ್ಘಾಟನೆಯಾದದ್ದು 2017ರ ಮೇ 28ರಂದು. 2022ರ ಜುಲೈ 1ರಂದು ಬಾಲವಿಲ್ಲದ, ಪೈಲಟ್ಟೂ ಇಲ್ಲದ ವಿಮಾನವೊಂದು ಇಲ್ಲಿ ತಾನೇ ಏರಿ ತಾನೇ ಇಳಿಯಿತು. 2024ರ ಜೂನ್ 23ರ ಬೆಳಿಗ್ಗೆ ಇಸ್ರೋದ ಮರುಬಳಕೆಯ ಬಾಹ್ಯಾಕಾಶ ವಾಹನದ ಮಾದರಿ ‘ಪುಷ್ಪಕ್’ ಮೂರನೇ ಸಲ ಇಲ್ಲಿಯೇ ಇಳಿದದ್ದು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು, ಬೇಕೆಂದೇ ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟಿತು. ಪುಷ್ಪಕ್ ತಾನಾಗಿ ದಾರಿ ಸರಿಪಡಿಸಿಕೊಂಡು ನೆಲ ಮುಟ್ಟಿದಾಗ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು. ಪ್ರಯಾಣಿಕ ವಿಮಾನ ಇಳಿಯುವುದು 260ರ ಸುಮಾರಿನಲ್ಲಿ. ಬಾಹ್ಯಾಕಾಶದಿಂದ ಮರಳುವ ಇಂಥ ವಾಹನದ ರೆಕ್ಕೆ ಮೋಟು. ಎತ್ತುವ ಬಲಕ್ಕೆ ಹೋಲಿಸಿದರೆ ಹಿಂದಕ್ಕೆಳೆಯುವ ಬಲ ಜಾಸ್ತಿ. ಹಾಗಾಗಿ ಇಳಿಯುವ ವೇಗವೂ ಜಾಸ್ತಿ. ಪ್ಯಾರಾಚೂಟ್ ಬಿಚ್ಚಿ ವೇಗವನ್ನು ನೂರರ ಹತ್ತಿರ ತಂದಮೇಲೆಯೇ ಚಕ್ರದ ಬ್ರೇಕು.

ಎಲ್ಲ ಪರೀಕ್ಷೆಯೂ ಹೀಗೆ ಮುಗಿಯುವುದಿಲ್ಲ. 2023ರ ಆಗಸ್ಟ್ 20ರಂದು ‘ತಪಸ್’ ಮಾನವರಹಿತ ವಿಮಾನ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿಯ ಹೊಲದಲ್ಲಿ ಬಿತ್ತು. ಜನ ಓಡಿಬಂದು ಮುರಿದ ತುಂಡುಗಳ ಸುತ್ತ ನಿಂತರು. ಬಿದ್ದ ತುಂಡುಗಳನ್ನು ಆಯ್ದು, ಮೊದಲು ಮುರಿದದ್ದು ಯಾವುದು, ಯಾಕೆ ಎಂದು ಪತ್ತೆಹಚ್ಚುವುದೂ ವೈಮಾನಿಕ ಎಂಜಿನಿಯರರ ಕೆಲಸ. ಲೋಹದ ದಣಿವು, ಬಿರುಕಿನ ಬೆಳವಣಿಗೆ, ನಿಯಂತ್ರಣ ವ್ಯವಸ್ಥೆ ಎಂದು ಪಠ್ಯದಲ್ಲಿ ನೀರಸವಾಗಿ ಕಾಣುವ ಅಧ್ಯಾಯಗಳೆಲ್ಲ ಅಂಥ ಹೊಲಕ್ಕೇ ಬಂದು ನಿಲ್ಲುತ್ತವೆ.

ಇಲ್ಲೊಂದು ಮಾತು ಹೇಳಲೇಬೇಕು. ಚಳ್ಳಕೆರೆಯ ಆ ನೆಲ ಅಮೃತ್ ಮಹಲ್ ಕಾವಲು, ಸುತ್ತಲ ಹಳ್ಳಿಗಳ ಕುರಿ-ದನ ಮೇಯುತ್ತಿದ್ದ ಹುಲ್ಲುಗಾವಲು. ಅದು ಕೈತಪ್ಪಿದ ಸಂಕಟ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಆ ಹಳ್ಳಿಗಳ ಮಕ್ಕಳು ಬೇಲಿಯಾಚೆ ನಿಂತು ಆಕಾಶ ನೋಡುವುದಷ್ಟೇ ಆಗಬಾರದು, ಎಂಜಿನಿಯರುಗಳಾಗಿ ಗೇಟಿನ ಒಳಗೆ ಹೋಗಬೇಕು. ಅದಕ್ಕೆ ಜಿಲ್ಲೆಯ ಸರ್ಕಾರಿ ಪಿಯು ಕಾಲೇಜುಗಳಲ್ಲಿ ಗಣಿತದ ಮೇಷ್ಟ್ರು ವರ್ಷಪೂರ್ತಿ ಇರಬೇಕು. ಈ ಪದವಿಯ ಮೊದಲ ವರ್ಷದಲ್ಲೇ ಕಲನಶಾಸ್ತ್ರ ಎದುರಾಗುತ್ತದೆ.

ಸೇರಲು ದಾರಿ ಸಿಇಟಿ. ಮುಂದೆ ಓದುವವರಿಗೆ ಗೇಟ್ ಪರೀಕ್ಷೆಯಲ್ಲಿ ಏರೋಸ್ಪೇಸಿಗೇ ಪ್ರತ್ಯೇಕ ಪತ್ರಿಕೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1942ರಿಂದಲೇ ಈ ವಿಷಯ ಕಲಿಸುತ್ತಿದೆ. ವಿಮಾನ ತಯಾರಿಸುವ ಎಚ್‌ಎಎಲ್, ವೈಮಾನಿಕ ಸಂಶೋಧನೆಯ ಎನ್‌ಎಎಲ್ ಬೆಂಗಳೂರಿನಲ್ಲೇ ಇವೆ. 2023ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯೂ ತೆರೆದಿದೆ. ಶುಲ್ಕ ಕಟ್ಟುವ ಮುನ್ನ ಕಾಲೇಜಿಗೆ ಒಮ್ಮೆ ಹೋಗಿಬನ್ನಿ. ಗಾಳಿ ಸುರಂಗ ಎಲ್ಲಿದೆ, ಚಾಲೂ ಮಾಡಿ ತೋರಿಸುತ್ತೀರಾ, ಕಳೆದ ವಾರ ಅದರಲ್ಲಿ ಯಾವ ಪ್ರಯೋಗ ನಡೆಯಿತು ಎಂದು ಕೇಳಿ. ಸಾಧ್ಯವಾದರೆ ಅಲ್ಲಿನ ಮೂರನೇ ವರ್ಷದ ವಿದ್ಯಾರ್ಥಿಯೊಬ್ಬನನ್ನು ಹುಡುಕಿ ಇದೇ ಪ್ರಶ್ನೆಗಳನ್ನು ಅವನ ಹತ್ತಿರವೂ ಕೇಳಿ.