ಗೋಡೆಯ ಬೂಷ್ಟು ಯಾರ ಹೊಣೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಬಾಡಿಗೆಯ ಕೋಣೆಯಲ್ಲಿ ಒಂದು ಮಳೆಗಾಲ ಕಳೆದು ನೋಡು ಎಂಬುದನ್ನೂ ಇದಕ್ಕೆ ಸೇರಿಸಬಹುದೆಂದು ನನಗೆ ತೋರುತ್ತದೆ. ಕಳೆದ ವರ್ಷ ನಾವು ಮೂವರು ಸಹಪಾಠಿಗಳು ಮಲೆನಾಡಿನ ಈ ಊರಿನಲ್ಲಿ ಒಂದು ಕೋಣೆ ಹಿಡಿದಿದ್ದೆವು. ಆಷಾಢ ಕಳೆಯುವುದರೊಳಗೆ ಗೋಡೆಯ ಮೇಲೆ ಕಪ್ಪು ಬೂಷ್ಟು ಹಬ್ಬಿ, ಪುಸ್ತಕಗಳ ರಟ್ಟಿಗೂ ಅಂಟಿತು. ಗೆಳೆಯನೊಬ್ಬನಿಗೆ ಉಬ್ಬಸ ಹೆಚ್ಚಿತು. ತೇವ, ಬೂಷ್ಟುಗಳಿರುವ ಮನೆಗಳಲ್ಲಿ ಕೆಮ್ಮು, ಉಬ್ಬಸಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿಯೇ ತಿಳಿಸಿದೆ.

ಕೋಣೆ ಬಿಡುವಾಗ ಯಜಮಾನರು ಸುಣ್ಣಬಣ್ಣದ ಖರ್ಚೆಂದು ಮುಂಗಡದಲ್ಲಿ 3,000 ರೂಪಾಯಿ ಹಿಡಿದುಕೊಂಡರು. ನನ್ನ ಪಾಲಿನ ಸಾವಿರವು ನಮ್ಮ ತಂದೆಯವರು ತೋಟದ ಕೂಲಿಯಲ್ಲಿ ಉಳಿಸಿ ಕೊಟ್ಟದ್ದು. "ನೀವು ಹುಡುಗರು ಒಳಗೇ ಬಟ್ಟೆ ಒಣಗಿಸಿದಿರಿ" ಎಂದು ಅವರ ವಾದ. "ನಿಮ್ಮ ಹಂಚು ಸೋರಿತು" ಎಂದು ನಮ್ಮ ವಾದ. ಯಾರದು ಸರಿ?

ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲಿಯೂ ಇರುತ್ತವೆ. ತೇವ ಸಿಕ್ಕಿದಲ್ಲಿ ಬೆಳೆಯುತ್ತವೆ. ಆದುದರಿಂದ ನೀರು ಎಲ್ಲಿಂದ ಬಂತೆಂದು ಮೊದಲು ಕೇಳಬೇಕು. ಮಾಡು ಸೋರಿದರೆ, ಗೋಡೆ ಬಿರುಕು ಬಿಟ್ಟರೆ, ತಳಪಾಯದಿಂದ ತೇವ ಏರಿದರೆ ಅದು ಕಟ್ಟಡದ ದೋಷ. ಅಂಥಲ್ಲಿ ಸಾಮಾನ್ಯವಾಗಿ ನೀರಿನ ಕಂದು ಕಲೆ ಕಾಣುತ್ತದೆ, ಗಾರೆ ಉದುರುತ್ತದೆ. ಕಿಟಕಿ ಮುಚ್ಚಿ ಅಡಿಗೆ ಮಾಡಿದರೆ, ಒದ್ದೆ ಬಟ್ಟೆ ಹರವಿದರೆ, ಆವಿಯು ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಆಗ ಮೂಲೆಗಳಲ್ಲಿಯೂ ಪೆಟ್ಟಿಗೆಗಳ ಹಿಂದೆಯೂ ಬೂಷ್ಟು ಹಬ್ಬುತ್ತದೆ. ಇದು ವಾಸಿಸುವವರ ಹೊಣೆ; ಆದರೆ ಗಾಳಿಯಾಡಲು ಕಿಟಕಿಯೇ ಇಲ್ಲದಿದ್ದರೆ ಅವರನ್ನು ದೂರುವುದು ನ್ಯಾಯವಲ್ಲ. ನಮ್ಮ ಕೋಣೆಯಲ್ಲಿ ಎರಡು ಬಗೆಯ ತೇವವೂ ಇತ್ತೆಂದು ಒಪ್ಪಿಕೊಳ್ಳಲೇಬೇಕು.

ಇನ್ನು ಕಾನೂನಿನ ಮಾತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣದಂತೆ, ಬೇರೆ ಕರಾರಿಲ್ಲದಿದ್ದರೆ, ಬಾಡಿಗೆದಾರನು ಮನೆಯನ್ನು ಪಡೆದ ಸ್ಥಿತಿಯಲ್ಲಿಯೇ ಒಪ್ಪಿಸಬೇಕು. ಸಹಜವಾದ ಸವಕಳಿಗೆ ವಿನಾಯಿತಿಯುಂಟು. ಯಜಮಾನನು ತಾನು ಮಾಡಿಸಬೇಕಾದ ದುರಸ್ತಿಯನ್ನು, ತಿಳಿಸಿದ ಮೇಲೂ ಯುಕ್ತಕಾಲದೊಳಗೆ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ದುರಸ್ತಿಯ ಹೊಣೆಯನ್ನು ಕರಾರಿನಲ್ಲಿ ಬರೆಸದಿದ್ದರೆ ಈ ಹಕ್ಕನ್ನು ಸಾಧಿಸುವುದು ಕಷ್ಟ. ಕೇಂದ್ರ ಸರ್ಕಾರವು 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ಕಟ್ಟಡದ ದುರಸ್ತಿ, ಗೋಡೆಯ ಸುಣ್ಣಗಳನ್ನು ಯಜಮಾನನಿಗೂ, ನಲ್ಲಿ, ಕಿಟಕಿಯ ಗಾಜುಗಳನ್ನು ಬಾಡಿಗೆದಾರನಿಗೂ ಹಂಚಿದೆ. ರಾಜ್ಯಗಳು ಅಂಗೀಕರಿಸಬೇಕಾದ ಮಾದರಿಯಷ್ಟೇ ಅದು. ಆದರೂ ಕರಾರು ಬರೆಯುವವರಿಗೆ ಒಳ್ಳೆಯ ಮೇಲ್ಪಂಕ್ತಿ.

ನಮ್ಮ ಕರಾರಿನಲ್ಲಿ ದುರಸ್ತಿಯ ಬಗೆಗೆ ಒಂದು ಸಾಲೂ ಇರಲಿಲ್ಲ. ಸೋರಿಕೆಯನ್ನು ಬಾಯಿಮಾತಿನಲ್ಲಿ ಹೇಳಿದ್ದೆವೇ ಹೊರತು ಪತ್ರ ಬರೆದಿರಲಿಲ್ಲ. ಅಕ್ಷರ ಬಾರದ ನಮ್ಮ ತಂದೆಯವರು, ಮಗ ಓದಿದವನೆಂದು ನಂಬಿ, ಆ ಕಾಗದವನ್ನು ನನ್ನ ಕೈಗೇ ಕೊಟ್ಟಿದ್ದರು. ನಾನು ಅದನ್ನು ಓದದೆ ಸಹಿ ಹಾಕಿದೆ.

ಈ ವರ್ಷ ಹೊಸ ಕೋಣೆ ಹಿಡಿಯುವಾಗ ಗೋಡೆಗಳ ಚಿತ್ರ ತೆಗೆದಿಟ್ಟು, ದುರಸ್ತಿಯ ಸಾಲನ್ನು ಬರೆಸಿ, ಆಮೇಲೆ ಸಹಿ ಮಾಡಿದೆ. ಬಿಸಿಲು ಬಂದಾಗಲೆಲ್ಲ ಕಿಟಕಿಯನ್ನೂ ತೆರೆದಿಡುತ್ತೇನೆ. ಮುಂದಿನ ವರ್ಷ ಕೋಣೆ ಹುಡುಕಲಿರುವ ಕಿರಿಯ ಮಿತ್ರರೂ ಹೀಗೆಯೇ ಮಾಡಲೆಂದು ನನ್ನ ಪ್ರಾರ್ಥನೆ.